ಯಗಟಿಯಕ್ಕನ ಕಾಲಿನ ಅಳತೆ

ಯಗಟಿ ಕಡೆಯ ಆ ಹೆಂಗಸು ನಮ್ಮ ಆಸ್ಪತ್ರೆಗೆ ಮೊದಲ ಸಲ ಬಂದದ್ದು ಒಂದು ಸೋಮವಾರ ಬೆಳಗಿನ ಬಸ್ಸಿನಲ್ಲಿ. ಎರಡು ಕಂಕುಳಿಗೂ ಊರುಗೋಲು, ಹಿಂದೆ ಬುತ್ತಿ ಚೀಲ ಹಿಡಿದ ಅತ್ತೆ. ಸಂತೆಯಿಂದ ವಾಪಸು ಬಂದು ಬಸ್ಸಿಳಿಯುವಾಗ ಕಾಲು ಜಾರಿ, ಹಿಂದಿನ ಚಕ್ರ ಎಡಪಾದದ ಮೇಲೆ ಹರಿದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಒಂದು ಗೇಣು ಉಳಿಸಿ ಮಿಕ್ಕ ಕಾಲು ತೆಗೆದಿದ್ದರು. ಹೊಲಿಗೆ ಮಾಗಿದ ಮೇಲೆ ನಮ್ಮಲ್ಲಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟಿದ್ದರು.

ನಮ್ಮದು ಕಡೂರಿನ ಹೊರಗಿರುವ ಸಣ್ಣ ಪುನರ್ವಸತಿ ಆಸ್ಪತ್ರೆ. ಪಾರ್ಶ್ವವಾಯು ಹೊಡೆದವರನ್ನು ಎಬ್ಬಿಸಿ ಕೂರಿಸುವುದು, ಬೆನ್ನುಹುರಿಗೆ ಪೆಟ್ಟಾದವರಿಗೆ ಗಾಲಿಕುರ್ಚಿಯಲ್ಲಿ ಬದುಕುವುದನ್ನು ಕಲಿಸುವುದು, ಕಾಲಿನ ಬಲ ಕಡಿಮೆಯಿರುವ ಮಕ್ಕಳಿಗೆ ಕ್ಯಾಲಿಪರ್ ಎಂಬ ಆಸರೆಪಟ್ಟಿ ಕಟ್ಟುವುದು, ಇಂಥ ಕೆಲಸ. ಹಿತ್ತಲ ಕಡೆಯ ಉದ್ದನೆಯ ಕೋಣೆಯಲ್ಲಿ ಕೃತಕ ಕಾಲು ತಯಾರಾಗುತ್ತದೆ. ಅಲ್ಲಿ ಕೆಲಸ ಮಾಡುವವನು ನಾನು.

ಆಕೆಗೆ ನಲವತ್ತರ ಆಸುಪಾಸು ಇರಬಹುದು. ಹದಿನೆಂಟು ಕುರಿ ಸಾಕಿಕೊಂಡಿದ್ದರು. ಮನೆಯ ತೆಂಗು, ರಾಗಿ ಹೊಲ ಎಲ್ಲ ಗಂಡನ ಪಾಲಿಗೆ, ಕುರಿ ಮಾತ್ರ ಆಕೆಯವು. ಕಾಲು ಹೋದ ಮೇಲೆ ಅವನ್ನು ಮೇಯಿಸಲು ಮೈದುನ ಒಪ್ಪಿಕೊಂಡಿದ್ದನಂತೆ, ಆದರೆ ಗೊಣಗಿಕೊಂಡು. ಫಿಜಿಯೋಥೆರಪಿಸ್ಟ್ ಆಕೆಯ ಹೆಸರು ಬರೆದುಕೊಳ್ಳುವಾಗ ಆಕೆ ಕೇಳಿದ ಮೊದಲ ಪ್ರಶ್ನೆಯೇ ಕುರಿಯದು.

"ಈ ಕಾಲ್ ಹಾಕ್ಕಂಡು ಕುರಿ ಹಿಂದೆ ತಿರುಗಬೌದಾ ಅಕ್ಕಾ?"

"ತಿರುಗಬಹುದು, ನಿಧಾನಕ್ಕೆ" ಎಂದರು ಅವರು. ಅಂದಿನಿಂದ ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಯಗಟಿಯಕ್ಕ ಎಂದೇ ಕರೆದೆವು.

ಆ ಮಾತಿನಲ್ಲಿದ್ದ "ನಿಧಾನಕ್ಕೆ" ಎಂಬುದನ್ನು ನಾನು ಕೇಳಿಸಿಕೊಳ್ಳಬೇಕಿತ್ತು. ಕಾಲು ತೆಗೆದ ಮೇಲೆ ಉಳಿದ ಭಾಗವನ್ನು ನಾವು ಸ್ಟಂಪ್ ಎನ್ನುತ್ತೇವೆ. ಅದು ತಿಂಗಳುಗಟ್ಟಲೆ ಊದಿಕೊಂಡಿರುತ್ತದೆ. ದಿನವೂ ಬಿಗಿಯಾಗಿ ಬ್ಯಾಂಡೇಜು ಸುತ್ತಿದರೆ ಊತ ಇಳಿಯುತ್ತಾ ಬರುತ್ತದೆ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಟೇಪು ಹಿಡಿದು ಸುತ್ತಳತೆ ತೆಗೆದು, ಎರಡು ವಾರ ಅಳತೆ ಬದಲಾಗದೆ ನಿಂತ ಮೇಲೆಯೇ ಕಾಲಿಗೆ ಅಚ್ಚು ತೆಗೆಯಬೇಕು. ಅವಸರ ಮಾಡಿದರೆ ಕೃತಕ ಕಾಲು ತಯಾರಾಗುವಷ್ಟರಲ್ಲಿ ಸ್ಟಂಪು ಸಣ್ಣಗಾಗಿ, ಅದು ಕೂರುವ ಬಟ್ಟಲು, ಅಂದರೆ ಸಾಕೆಟ್, ಸಡಿಲವಾಗುತ್ತದೆ. ಆಗ ಸ್ಟಂಪು ಒಳಕ್ಕೆ ಕುಸಿದು, ಮೂಳೆ ಎದ್ದಿರುವ ಜಾಗಗಳೆಲ್ಲ ಗಟ್ಟಿ ಪ್ಲಾಸ್ಟಿಕ್ಕಿಗೆ ಒತ್ತುತ್ತವೆ. ಇದು ಈ ಕಸುಬಿನ ಮೊದಲನೆಯ ಪಾಠ. ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಹೊಸಬರಿಗೆ ಹೇಳಿಕೊಡುತ್ತಿದ್ದವನೇ ನಾನು.

ಆ ತಿಂಗಳು ಆಸ್ಪತ್ರೆಯ ವಾರ್ಷಿಕೋತ್ಸವವಿತ್ತು. ಆಸ್ಪತ್ರೆಯ ಇತಿಹಾಸ ಮತ್ತು ಸೇವೆಗಳ ಬಗ್ಗೆ ಒಂದು ಪುಸ್ತಿಕೆ ಬರೆಯುವ ಕೆಲಸವನ್ನು ನಮ್ಮ ಮುಖ್ಯ ವೈದ್ಯೆ, ನಾವೆಲ್ಲ ಮೇಡಂ ಎನ್ನುವವರು, ನನಗೆ ಒಪ್ಪಿಸಿದ್ದರು. ನನ್ನ ಕನ್ನಡ ಚೆನ್ನಾಗಿದೆ ಎಂಬುದು ಅವರ ನಂಬಿಕೆ. ಒಂದು ದಿನ ಕೇಳಿದರು, "ಅವತ್ತು ವೇದಿಕೆ ಮೇಲೆ ಯಾರಾದರೂ ಹೊಸ ಕಾಲಿನಲ್ಲಿ ನಡೆದು ತೋರಿಸೋ ಹಾಗಿದ್ದಾರಾ? ಆಗದಿದ್ದರೆ ಬೇಡ, ಅವಸರವೇನಿಲ್ಲ."

"ಯಗಟಿಯಕ್ಕ ಇದ್ದಾರೆ ಮೇಡಂ. ಆಗುತ್ತೆ" ಎಂದುಬಿಟ್ಟೆ.

ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಸದಾ ಹಿತ್ತಲ ಕೋಣೆಯಲ್ಲಿ ಸುಣ್ಣ ಬಳಿದುಕೊಂಡವನಂತೆ ಪ್ಲಾಸ್ಟರಿನಲ್ಲಿ ಮುಳುಗಿರುವವನಿಗೆ, ನನ್ನ ಕೈಯ ಕೆಲಸ ನಾಲ್ಕು ಜನರ ಎದುರು ನಡೆದಾಡಲಿ ಎಂಬ ಆಸೆ ಹುಟ್ಟಿತ್ತು, ಅಷ್ಟೇ. ಆ ವಾರದ ಅಳತೆ ಹಿಂದಿನ ವಾರಕ್ಕಿಂತ ಒಂದು ಸೆಂಟಿಮೀಟರ್ ಕಡಿಮೆಯಿತ್ತು. ಅಂದರೆ ಊತ ಇನ್ನೂ ಇಳಿಯುತ್ತಲೇ ಇತ್ತು. ನಾನು ಅಳತೆಯನ್ನು ಬರೆದುಕೊಂಡೆ, ಟೇಪು ಸುತ್ತಿಟ್ಟೆ, ಪ್ಲಾಸ್ಟರ್ ಬ್ಯಾಂಡೇಜನ್ನು ನೀರಿಗೆ ಅದ್ದಿದೆ.

ಅಚ್ಚು ತೆಗೆಯುವ ಕೆಲಸ ಹೀಗೆ. ಸ್ಟಂಪಿಗೆ ತೆಳ್ಳನೆಯ ಕಾಲುಚೀಲ ಹಾಕಿ, ಮೂಳೆ ಎದ್ದಿರುವ ಜಾಗಗಳಿಗೆ ಬಣ್ಣ ಬಿಡುವ ಪೆನ್ಸಿಲಿನಿಂದ ಗುರುತು ಹಾಕುತ್ತೇವೆ. ಅದರ ಮೇಲೆ ಪ್ಲಾಸ್ಟರ್ ಸುತ್ತಿದರೆ ಗುರುತು ಒಳಮೈಗೆ ಇಳಿಯುತ್ತದೆ. ಅದು ಗಟ್ಟಿಯಾದ ಮೇಲೆ ಕಳಚಿ, ಒಳಗೆ ಪ್ಲಾಸ್ಟರ್ ಗಂಜಿ ಸುರಿದರೆ ಸ್ಟಂಪಿನಂಥದೇ ಒಂದು ಬೊಂಬೆ ಸಿಗುತ್ತದೆ. ಅದರ ಮೇಲೆ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದರೆ ಸಾಕೆಟ್. ಆ ಬೊಂಬೆಯನ್ನು ತಿದ್ದುವುದರಲ್ಲೇ ಕಸುಬುದಾರಿಕೆ ಇರುವುದು. ಭಾರ ತಡೆಯಬಲ್ಲ ಜಾಗದಲ್ಲಿ ಕೆರೆಯಬೇಕು, ನೋವಾಗುವ ಜಾಗದಲ್ಲಿ ಪ್ಲಾಸ್ಟರ್ ಮೆತ್ತಿ ಎತ್ತರಿಸಿ ಸಾಕೆಟ್ಟಿನೊಳಗೆ ಅದಕ್ಕೆ ಎಡೆ ಬಿಡಬೇಕು. ಮಂಡಿಯ ಹೊರಪಕ್ಕಕ್ಕೆ ಒಂದು ಸಣ್ಣ ಮೂಳೆ ಗಂಟಿನಂತೆ ಎದ್ದಿರುತ್ತದೆ. ಅಲ್ಲಿ ಎಷ್ಟು ಮೆತ್ತಿದರೂ ಕಡಿಮೆಯೇ. ಸಾಮಾನ್ಯವಾಗಿ ನಾನು ತಿದ್ದಲು ಒಂದು ದಿನ ತೆಗೆದುಕೊಳ್ಳುತ್ತೇನೆ. ಆಕೆಯದನ್ನು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿದೆ.

ಕಾಲು ತೊಡಿಸಿ, ಹಿಡಿದು ನಡೆಯುವ ಎರಡು ಕಂಬಿಗಳ ನಡುವೆ ನಿಲ್ಲಿಸಿದ ದಿನ ಯಗಟಿಯಕ್ಕನ ಮುಖ ಅರಳಿತು. ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ತುಟಿ ಕಚ್ಚಿದರು.

"ಅಣ್ಣಾ, ಇಲ್ಲಿ ಚುಚ್ತೈತೆ ಕಣಣ್ಣಾ. ಈ ಪಕ್ಕದ್ ಮೂಳೆ ಹತ್ರ."

"ಹೊಸದಲ್ವಾ ಅಕ್ಕ, ಹಂಗೇ ಇರುತ್ತೆ. ಹೊಸ ಚಪ್ಪಲಿನೂ ಕಚ್ಚಲ್ವಾ?"

"ಚಪ್ಲಿ ಕಚ್ಚಿದಂಗಲ್ಲ ಅಣ್ಣಾ..."

ಅತ್ತೆ ನಡುವೆ ಬಾಯಿ ಹಾಕಿದರು. "ಏ ಸುಮ್ಕಿರೇ. ಅವ್ರಿಗೆ ಗೊತ್ತಿಲ್ವಾ? ಅವ್ರು ಹೇಳಿದಂಗೆ ಕೇಳು."

ಯಗಟಿಯಕ್ಕ ಕಂಬಿ ಬಿಟ್ಟು ಕುರ್ಚಿಯಲ್ಲಿ ಕೂತರು. ನಾನು ಸಾಕೆಟ್ ಕಳಚಿ ನೋಡಿದೆ. ಆ ಮೂಳೆಯ ಮೇಲೆ ಚರ್ಮ ಕೆಂಪಾಗಿತ್ತು. ಹತ್ತು ನಿಮಿಷದಲ್ಲಿ ಕೆಂಪು ಮಾಯವಾದರೆ ಚಿಂತೆಯಿಲ್ಲ, ಉಳಿದರೆ ಸಾಕೆಟ್ ತಿದ್ದಬೇಕು ಎಂಬುದು ನಿಯಮ. ನಾನು ಹತ್ತು ನಿಮಿಷ ಕಾಯಲಿಲ್ಲ. ಸಡಿಲ ತುಂಬಲೆಂದು ಇನ್ನೊಂದು ಕಾಲುಚೀಲ ಹಾಕಿ ಮತ್ತೆ ತೊಡಿಸಿದೆ. ಚೀಟಿಯಲ್ಲಿ "ಹೊಂದಿಕೆ ಸರಿಯಾಗಿದೆ" ಎಂದು ಬರೆದೆ. ಮರುದಿನ ಮೂರು ಕಾಲುಚೀಲ. ಅದರ ಮರುದಿನ ನಾಲ್ಕು. ಪ್ರತಿ ದಿನವೂ ಆಕೆ ಅದೇ ಜಾಗವನ್ನು ಮುಟ್ಟಿ ತೋರಿಸಿದರು. ಪ್ರತಿ ದಿನವೂ ನಾನು ಚಪ್ಪಲಿಯ ಮಾತನ್ನೇ ಹೇಳಿದೆ.

ವಾರ್ಷಿಕೋತ್ಸವದ ದಿನ ಆಕೆ ಹಸಿರು ಸೀರೆ ಉಟ್ಟು ಬಂದರು. ವೇದಿಕೆಯ ಒಂದು ತುದಿಯಿಂದ ಮೈಕಿನವರೆಗೆ, ಊರುಗೋಲಿಲ್ಲದೆ, ಕೈ ಬೀಸಿಕೊಂಡು ನಡೆದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖ್ಯ ಅತಿಥಿಗಳು ನನ್ನನ್ನೂ ವೇದಿಕೆಗೆ ಕರೆಸಿ ಶಾಲು ಹೊದಿಸಿದರು. ಆಗ ಯಗಟಿಯಕ್ಕ ನನ್ನ ಪಕ್ಕದಲ್ಲೇ ನಿಂತಿದ್ದರು. ಆಕೆಯ ಹಣೆ, ಮೇಲ್ದುಟಿ ಬೆವರಿನಿಂದ ಒದ್ದೆಯಾಗಿದ್ದವು. ಸೆಕೆಗೆ ಇರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಹಾಗೆ ಅಂದುಕೊಳ್ಳಲು ಆರಿಸಿಕೊಂಡೆ.

ಸಮಾರಂಭ ಮುಗಿದ ಮೇಲೆ ಆಕೆಯ ಕಾಲು ಕಳಚಿದವರು ಫಿಜಿಯೋಥೆರಪಿಸ್ಟ್. "ಸಾರ್, ಸ್ವಲ್ಪ ಬನ್ನಿ" ಎಂದು ಅವರು ಕರೆದ ದನಿಯಲ್ಲೇ ನನಗೆ ಗೊತ್ತಾಯಿತು. ನಾಲ್ಕು ಕಾಲುಚೀಲಗಳನ್ನೂ ದಾಟಿ ರಕ್ತ ಬಂದಿತ್ತು. ಒಳಗಿನದು ಚರ್ಮಕ್ಕೆ ಅಂಟಿಕೊಂಡಿತ್ತು. ಉಪ್ಪುನೀರು ಹಾಕಿ ನೆನೆಸಿ ಬಿಡಿಸಿದಾಗ ಆ ಗಂಟಿನ ಮೇಲೆ ಚರ್ಮವೇ ಇರಲಿಲ್ಲ.

ಮೇಡಂ ಬಂದು ನೋಡಿದರು. "ಹೇಗಾಯಿತು ಇದು?"

ಅತ್ತೆ, ಸೊಸೆ, ಫಿಜಿಯೋಥೆರಪಿಸ್ಟ್, ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಶಾಲು ಇನ್ನೂ ನನ್ನ ಹೆಗಲ ಮೇಲಿತ್ತು.

"ಕಾಲುಚೀಲ ಸರಿಯಾಗಿ ಹಾಕಿಕೊಂಡಿಲ್ಲ ಮೇಡಂ. ನೆರಿಗೆ ಬಿದ್ದಿದೆ. ನಾನು ಹೇಳಿದ್ದೆ" ಎಂದೆ.

ಯಗಟಿಯಕ್ಕ ತಲೆಯೆತ್ತಿ ನನ್ನನ್ನು ಒಮ್ಮೆ ನೋಡಿದರು. ಅತ್ತೆ ಹಣೆ ಚಚ್ಚಿಕೊಂಡು, "ನೋಡಿದ್ಯಾ? ಒಂದ್ ಕಾಲ್ಚೀಲ ನೆಟ್ಗೆ ಹಾಕ್ಕಳಕ್ ಬರಲ್ವಲ್ಲೇ ನಿಂಗೆ!" ಎಂದರು. ಮೇಡಂ ಫೈಲಿನಲ್ಲಿ ನನ್ನ ಮಾತನ್ನೇ ಬರೆದರು. ಗಾಯ ಮಾಗುವವರೆಗೆ ಕಾಲು ತೊಡಬಾರದು, ಎರಡು ವಾರಕ್ಕೊಮ್ಮೆ ಬಂದು ತೋರಿಸಬೇಕು ಎಂದು ಹೇಳಿ ಕಳಿಸಿದರು.

ಎರಡು ವಾರವಾಯಿತು, ನಾಲ್ಕು ವಾರವಾಯಿತು. ಯಗಟಿಯಕ್ಕ ಬರಲಿಲ್ಲ. ಫೋನು ಮಾಡಿದರೆ ಅತ್ತೆ ಎತ್ತಿದರು. "ಗಾಯ ಮಾಗ್ತು. ಆದ್ರೆ ಅವ್ಳಿಗೆ ಆ ಕಾಲು ಬ್ಯಾಡ್ವಂತೆ ಬಿಡ್ರಿ."

ಬೇಡವಾದರೆ ಬೇಡ ಎಂದು ನಾನೂ ಬಿಟ್ಟುಬಿಡುತ್ತಿದ್ದೆನೋ ಏನೋ. ಪುಸ್ತಿಕೆಯ ಕೆಲಸ ಬಿಡಲಿಲ್ಲ. ವಾರ್ಷಿಕೋತ್ಸವಕ್ಕೆ ಹಂಚಿದ್ದು ನಾಲ್ಕು ಪುಟದ್ದು. ಈಗ ಅದನ್ನು ಹಿಗ್ಗಿಸಿ ಸರಿಯಾದ ಇತಿಹಾಸ ಬರೆಯಿರಿ ಎಂದು ಮೇಡಂ ಹಳೆಯ ಬೀರುವಿನ ಕೀಲಿಕೈ ಕೊಟ್ಟರು. ಅದರೊಳಗೆ ಉದ್ದನೆಯ ರಿಜಿಸ್ಟರುಗಳಿದ್ದವು.

ನಮ್ಮ ಆಸ್ಪತ್ರೆ ಶುರುವಾದದ್ದು ಯಾರೋ ಬಿಟ್ಟುಕೊಟ್ಟ ಕೊಬ್ಬರಿ ಗೋದಾಮಿನಲ್ಲಿ ಎಂಬುದು ನನಗೆ ಗೊತ್ತಿತ್ತು. ಒಬ್ಬರು ಡಾಕ್ಟರು, ಅಜ್ಜಂಪುರದ ಒಬ್ಬರು ಬಡಗಿ, ಇಬ್ಬರೇ. ಪೋಲಿಯೋ ಬಂದ ಮಕ್ಕಳನ್ನು ಹೆತ್ತವರು ತರೀಕೆರೆ ಕಡೆಯಿಂದ, ಅಜ್ಜಂಪುರದ ಕಡೆಯಿಂದ ರೈಲಿನಲ್ಲಿ ಎತ್ತಿಕೊಂಡು ಬರುತ್ತಿದ್ದರಂತೆ. ಬಡಗಿ ಮರ, ಕಬ್ಬಿಣದ ಪಟ್ಟಿ, ತೊಗಲು ಸೇರಿಸಿ ಕ್ಯಾಲಿಪರ್ ಮಾಡುತ್ತಿದ್ದರು. ನಾನಿಂದು ನಿಂತು ಕೆಲಸ ಮಾಡುವ ಮೇಜು ಅವರದೇ. ಇಷ್ಟು ಸಂಗತಿಗಳನ್ನು ನಾನು ಪುಸ್ತಿಕೆಯಲ್ಲಿ ಚಂದವಾಗಿಯೇ ಬರೆದಿದ್ದೆ.

ರಿಜಿಸ್ಟರಿನಲ್ಲಿದ್ದದ್ದು ಆ ಬಡಗಿಯ ಕೈಬರಹ. ದಪ್ಪ ಅಕ್ಷರ, ಒತ್ತಕ್ಷರಗಳೆಲ್ಲ ತಪ್ಪು. ಮಗುವಿನ ಹೆಸರು, ಊರು, ಅಳತೆ, ಕೊಟ್ಟ ದಿನ. ಕೊನೆಯಲ್ಲಿ ಒಂದು ಅಗಲವಾದ ಅಂಕಣ, ಅದಕ್ಕೆ ತಲೆಬರಹವಿಲ್ಲ. ಅಲ್ಲಿ ಹೀಗಿತ್ತು: "ಮಂಡಿಗೆ ತಾಗುತ್ತೆ. ನಾನು ಅಳತೆ ತಪ್ಪು ತಗೊಂಡೆ. ಅವರ ತಂದೆಗೆ ಹೇಳಿದೆ." ಮುಂದಿನ ಪುಟದಲ್ಲಿ: "ಪಟ್ಟಿ ಮುರೀತು. ಬೆಸುಗೆ ನಂದೇ. ತಾಯಿಗೆ ಹೇಳಿದೆ. ಬೇರೆ ಮಾಡ್ಕೊಟ್ಟೆ." ಇನ್ನೊಂದು ಕಡೆ ಬರೀ ಎರಡು ಮಾತು: "ತಪ್ಪಾಯ್ತು. ಹೇಳಿದೆ."

ಪುಟ ಮಗುಚುತ್ತಾ ಹೋದೆ. ಪ್ರತಿ ಹತ್ತು ಹದಿನೈದು ಹೆಸರಿಗೊಂದು ಇಂಥ ಸಾಲು. ಯಾರೂ ಕೇಳದಿದ್ದರೂ ಬರೆದಿದ್ದರು. ರಿಜಿಸ್ಟರ್ ಮುಚ್ಚಿ ಬೀರುವಿಗೆ ಬೀಗ ಹಾಕಿದೆ. ಮಾರನೆಯ ದಿನ ರಜೆ ಹಾಕಿ ಯಗಟಿಯ ಬಸ್ಸು ಹತ್ತಿದೆ.

ಅಂದೇ ಎಲ್ಲ ಹೇಳಿಬಿಟ್ಟೆ ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಒಳ್ಳೆಯ ಅಭಿಪ್ರಾಯ ಬರಬಹುದು. ನಡೆದದ್ದು ಹಾಗಲ್ಲ.

ಆಕೆಯ ಊರು ಯಗಟಿಯಿಂದ ಒಂದೂವರೆ ಮೈಲಿ. ನಡೆದುಕೊಂಡು ಹೋದೆ. ಅತ್ತೆ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿದರು. ಗಂಡ ತೋಟದಿಂದ ಬಂದು ಕೈ ಮುಗಿದ. ಯಗಟಿಯಕ್ಕ ಬಾಗಿಲ ಒಳಗೆ, ಗೋಡೆಗೆ ಒರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ನೋಡಿ ಸೆರಗನ್ನು ಸ್ಟಂಪಿನ ಮೇಲೆ ಎಳೆದುಕೊಂಡರು. ಮನೆಯ ಪಕ್ಕದಲ್ಲಿ ಕುರಿ ರೊಪ್ಪ ಇತ್ತು. ಮುಳ್ಳಿನ ಬೇಲಿ, ಒಳಗೆ ಒಣಗಿದ ಹಿಕ್ಕೆ. ಕುರಿ ಒಂದೂ ಇರಲಿಲ್ಲ.

"ಕುರಿ ಮೇಯಕ್ ಹೋಗಿದಾವಾ?" ಎಂದೆ.

"ಎಲ್ಲಿ ಕುರಿ?" ಅತ್ತೆ ಹೇಳಿದರು. "ಮಾರಿಬಿಟ್ವಿ. ಕಾಲ್ಚೀಲ ನೆಟ್ಗೆ ಹಾಕ್ಕಳಕ್ ಬರ್ದೇ ಇರೋಳು ಕುರಿ ಏನ್ ನೋಡ್ಕಂತಾಳೆ? ನೀವು ಅಷ್ಟು ಕಷ್ಟಪಟ್ಟು ಮಾಡ್ಕೊಟ್ರಿ, ಇವ್ಳು ಹಾಳ್ ಮಾಡ್ಕಂಡ್ಳು. ಚಿಕ್ಕ ಮಗ ನನ್ ಕೈಲಾಗಲ್ಲ ಅಂದ. ಹೋದ್ ಸಂತೆಗೆ ಹೊಡ್ಕಂಡ್ ಹೋದ್ರು."

ಅಷ್ಟರಲ್ಲಿ ಕಾಫಿ ಬಂತು. ನಾನು ಕುಡಿದೆ. ಅತ್ತೆಯ ಮಾತಿಗೆ ಏನೂ ಹೇಳದೆ, ಗಾಯ ಹೇಗಿದೆ, ಬ್ಯಾಂಡೇಜು ಸುತ್ತುತ್ತೀರಾ, ಒಮ್ಮೆ ಆಸ್ಪತ್ರೆಗೆ ಬನ್ನಿ ಎಂದು ಏನೇನೋ ಮಾತಾಡಿ ಎದ್ದುಬಿಟ್ಟೆ. ಬಾಗಿಲ ಒಳಗಿನಿಂದ ಅವರೆಕಾಯಿ ಸುಲಿಯುವ ಸದ್ದು ನಿಂತಿರಲಿಲ್ಲ.

ಯಗಟಿಯ ಬಸ್ ಸ್ಟ್ಯಾಂಡಿಗೆ ವಾಪಸು ನಡೆದೆ. ಕಡೂರಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ "ಬರ್ತೀರೇನ್ರೀ?" ಎಂದ. ಮೆಟ್ಟಿಲಿಗೆ ಕಾಲಿಟ್ಟೆ. ಆಗ ನನಗೆ ಹೊಳೆದದ್ದು ಇಷ್ಟೇ. ಈ ಬಸ್ಸಿನಲ್ಲಿ ಹೋದರೆ ನಾನು ಇನ್ನು ಯಾವತ್ತೂ ಈ ಊರಿಗೆ ಬರುವುದಿಲ್ಲ, ಆಕೆ ಬದುಕಿರುವವರೆಗೆ ಆ ಮನೆಯಲ್ಲಿ ಕಾಲುಚೀಲದ ಮಾತು ನಿಲ್ಲುವುದಿಲ್ಲ. ಇಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. "ಇಲ್ಲ, ನೀವು ಹೊರಡಿ" ಎಂದೆ. ಬಿಸಿಲು ನೆತ್ತಿಗೆ ಬಂದಿತ್ತು. ಅದೇ ದಾರಿಯಲ್ಲಿ ಮತ್ತೆ ಒಂದೂವರೆ ಮೈಲಿ.

ನನ್ನನ್ನು ಕಂಡು ಅತ್ತೆ, "ಏನಪ್ಪಾ, ಏನಾರ ಮರ್ತ್ರಾ?" ಎಂದರು.

ನಿಂತುಕೊಂಡೇ ಹೇಳಿದೆ. ಅಳತೆ ನಿಲ್ಲುವ ಮುಂಚೆ ಅಚ್ಚು ತೆಗೆದದ್ದು, ತಿದ್ದುವುದರಲ್ಲಿ ಅವಸರ ಮಾಡಿದ್ದು, ಸಮಾರಂಭಕ್ಕೆ ನಡೆಸಬೇಕೆಂಬ ಆಸೆಗೆ ಬಿದ್ದದ್ದು, ಆಕೆ ದಿನವೂ ನೋಯುತ್ತದೆ ಎಂದರೂ ಕೇಳದೇ ಹೋದದ್ದು, ಎಲ್ಲ. "ಕಾಲುಚೀಲದಲ್ಲಿ ನೆರಿಗೆ ಇರಲಿಲ್ಲ. ಅವರು ಸರಿಯಾಗೇ ಹಾಕಿಕೊಂಡಿದ್ದರು. ತಪ್ಪು ನನ್ನದು. ಮೇಡಂ ಮುಂದೆ ನಾನು ಸುಳ್ಳು ಹೇಳಿದೆ."

ಮೊದಲು ಬಾಯಿ ಬಂದದ್ದು ಅತ್ತೆಗೆ.

"ಹಂಗಾರೆ ಎರಡ್ ತಿಂಗ್ಳಿಂದ ನಾನ್ ಇವ್ಳನ್ನ ಬೈದಿದ್ದು? ಆ ಕುರಿ ಕಳ್ದಿದ್ದು? ಅಲ್ಲ ಕಣಯ್ಯಾ, ಒಂದ್ ಗಳಿಗೆ ಮುಂಚೆ ಇಲ್ಲೇ ಕೂತು ಕಾಫಿ ಕುಡ್ದಲ್ಲಾ ನೀನು, ಆಗ್ಲಾದ್ರೂ ಬಾಯ್ ಬಿಡಬಾರ್ದಾಗಿತ್ತಾ?"

ಅವರು ಮುದುಕಿ, ನನಗಿಂತ ದೊಡ್ಡವರು, ಏಕವಚನಕ್ಕಿಳಿದದ್ದು ಸರಿಯಾಗಿಯೇ ಇತ್ತು. ಗಂಡ ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ಕುರಿ ಹೊಡೆದುಕೊಂಡು ಹೋಗಿ ಮಾರಿ ಬಂದವನು ಅವನೇ ಎಂದು ಆಮೇಲೆ ತಿಳಿಯಿತು.

ಯಗಟಿಯಕ್ಕ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಒಂಟಿಕಾಲಿನಲ್ಲಿ ಎದ್ದು ಹೊಸಿಲಿಗೆ ಬಂದರು. ಬೈಯುತ್ತಾರೆ ಎಂದುಕೊಂಡೆ.

"ಅವತ್ತೇ ಹೇಳಿದ್ನಲ್ಲಣ್ಣಾ, ಚಪ್ಲಿ ಕಚ್ಚಿದಂಗಲ್ಲ ಅಂತ" ಎಂದರು, ಮೆಲ್ಲಗೆ. "ಎಲ್ರೂ ಹಾಕ್ಕಳಕ್ ಬರಲ್ಲ, ಹಾಕ್ಕಳಕ್ ಬರಲ್ಲ ಅಂದೂ ಅಂದೂ, ನಾನೇ ಹಂಗೇನೋ ಅಂದ್ಕಂಡ್ಬಿಟ್ಟಿದ್ದೆ. ಕೂತ್ಕಂಡು ಯೋಚ್ನೆ ಮಾಡಿವ್ನಿ, ಎಲ್ ನೆರಿಗೆ ಬಿತ್ತು, ಹೆಂಗ್ ಬಿತ್ತು ಅಂತ. ಇಲ್ದಿರೋ ನೆರಿಗೆನ ಎರಡ್ ತಿಂಗ್ಳು ಹುಡುಕ್ದೆ."

ನನ್ನ ಕೆಲಸದ ಜೀವನದಲ್ಲಿ ಯಾರೂ ನನಗೆ ಅಷ್ಟು ಕಠಿಣವಾದ ಮಾತು ಹೇಳಿಲ್ಲ. ಅದರಲ್ಲಿ ಒಂದು ಬೈಗುಳವೂ ಇರಲಿಲ್ಲ.

ಮರುದಿನ ಮೇಡಂ ಎದುರು ನಿಂತು ಅದನ್ನೇ ಹೇಳಿದೆ. ಅವರು ಫೈಲು ತರಿಸಿದರು. ತಾವು ಬರೆದ ಸಾಲಿನ ಮೇಲೆ ಗೆರೆ ಎಳೆದು, ಪೆನ್ನನ್ನು ನನ್ನ ಕಡೆ ತಳ್ಳಿದರು. "ಏನಾಯಿತು ಅಂತ ನೀವೇ ಬರೆದು ಸಹಿ ಮಾಡಿ. ನಿಮ್ಮ ಮಾತು ಕೇಳಿಕೊಂಡು ಆಕೆಯನ್ನು ಒಂದು ಮಾತೂ ಕೇಳದೇ ಬರೆದೆನಲ್ಲ, ಅದು ನನ್ನ ತಪ್ಪು. ಅದನ್ನು ನಾನು ಬರೀತೀನಿ." ಇನ್ನು ಮುಂದೆ ಫಿಜಿಯೋಥೆರಪಿಸ್ಟ್ ಒಪ್ಪಿ ಸಹಿ ಮಾಡದ ಹೊರತು ಯಾವ ಸಾಕೆಟ್ಟೂ ನನ್ನ ಕೋಣೆಯಿಂದ ಹೊರಗೆ ಹೋಗಬಾರದು ಎಂದು ಆಜ್ಞೆಯಾಯಿತು. ಆ ಕಟ್ಟಳೆ ಇವತ್ತಿಗೂ ಇದೆ. ಪುಸ್ತಿಕೆಯಲ್ಲಿ ವೇದಿಕೆಯ ಫೋಟೊ ಬೇಡ ಎಂದೆ, ತೆಗೆದರು.

ಯಗಟಿಯಕ್ಕ ಮತ್ತೆ ಬಂದರು. ನನ್ನ ಮೇಲಿನ ನಂಬಿಕೆಯಿಂದಲ್ಲ, ಬೇರೆ ಕಡೆ ಹೋಗಲು ದೂರವಾಗುತ್ತದೆ ಎಂದು. ಅದನ್ನು ಅವರೇ ಹೇಳಿದರು. ಈ ಸಲ ವಾರ ವಾರವೂ ಟೇಪು ಹಿಡಿದಾಗ ಅಳತೆಯನ್ನು ಅವರಿಗೆ ಓದಿ ಹೇಳಿದೆ. ಮೂರು ಸಲ ಇಳಿಯಿತು. ನಾಲ್ಕು, ಐದನೆಯ ವಾರ ಒಂದೇ ಆಯಿತು. "ಇನ್ನೊಂದ್ ವಾರ ನೋಡಣ" ಎಂದವರು ಅವರೇ. ನೋಡಿದೆವು. ಅಚ್ಚು ತೆಗೆದು ಪ್ಲಾಸ್ಟರ್ ಬೊಂಬೆಯನ್ನು ಮೇಜಿನ ಮೇಲಿಟ್ಟು ಅವರನ್ನು ಪಕ್ಕದಲ್ಲಿ ಸ್ಟೂಲು ಹಾಕಿ ಕೂರಿಸಿದೆ. ಒಂದು ಕೈಯಲ್ಲಿ ತಮ್ಮ ಸ್ಟಂಪಿನ ಮೂಳೆ, ಇನ್ನೊಂದು ಕೈಯಲ್ಲಿ ಬೊಂಬೆಯ ಮೂಳೆ ಮುಟ್ಟಿ ನೋಡಿ, "ಇಲ್ಲಿ ಇನ್ನೊಂಚೂರು ಮೆತ್ತಣ್ಣ" ಎಂದರು. ಮೆತ್ತಿದೆ. ಮೊದಲು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಪರೀಕ್ಷೆಗೆಂದು ಒಂದು ಸಾಕೆಟ್ ಎಳೆದು ತೊಡಿಸಿದೆ. ಹೊರಗಿನಿಂದಲೇ ಚರ್ಮ ಎಲ್ಲಿ ಒತ್ತಡಕ್ಕೆ ಬಿಳುಚಿಕೊಳ್ಳುತ್ತದೆ ಎಂದು ಕಾಣುತ್ತಿತ್ತು. ಎರಡು ಸಲ ತಿದ್ದಿದೆ. ಕಳಚಿದಾಗಲೆಲ್ಲ ಇಬ್ಬರೂ ಗೋಡೆ ಗಡಿಯಾರ ನೋಡುತ್ತಾ ಹತ್ತು ನಿಮಿಷ ಕೂತೆವು.

ಕೊನೆಯ ಪರೀಕ್ಷೆ ಕಂಬಿಗಳ ನಡುವೆ ನಡೆಯಲಿಲ್ಲ. ಆಸ್ಪತ್ರೆಯ ಹಿಂದೆ ಗರಸು ಮಣ್ಣಿನ ದಿಣ್ಣೆಯಿದೆ. ಕುರಿ ನುಗ್ಗುವಂಥ ಜಾಗ. ಅದನ್ನು ಹತ್ತಿ ಇಳಿದು, ಅಡ್ಡಡ್ಡ ನಡೆದು, ಕಲ್ಲಿನ ಮೇಲೆ ಕಾಲಿಟ್ಟು ನೋಡಿದರು. ನಾನು ಕೆಳಗೆ ನಿಂತಿದ್ದೆ. "ನೋವಿದೆಯಾ?" ಎಂದೆ. ಇನ್ನೊಮ್ಮೆ ಕಾಲೂರಿ ನೋಡಿ, "ಇಲ್ಲ" ಎಂದರು. ಧನ್ಯವಾದ ಹೇಳಲಿಲ್ಲ. ಹೇಳಿದ್ದರೆ ಎಲ್ಲಿಟ್ಟುಕೊಳ್ಳಬೇಕೆಂದು ನನಗೂ ತಿಳಿಯುತ್ತಿರಲಿಲ್ಲ.

ಮಾರಿದ ಕುರಿ ಹಿಂದಕ್ಕೆ ಬರಲಿಲ್ಲ. ಅವು ಯಾರ ಕೈ ಸೇರಿದವೋ ಗೊತ್ತಾಗಲಿಲ್ಲ. ಅತ್ತೆ ತವರಿನಿಂದ ಎರಡು ಹೆಣ್ಣುಮರಿ ತಂದುಕೊಟ್ಟರಂತೆ. ಎರಡರಿಂದ ಮತ್ತೆ ಶುರು. ಹದಿನೆಂಟಾಗಲು ಎಷ್ಟು ವರ್ಷ ಬೇಕು ಎಂದು ನಾನು ಕೇಳಲಿಲ್ಲ.

ಕಳೆದ ತಿಂಗಳು ಆಕೆ ಒಬ್ಬ ಗಂಡಸನ್ನು ಕರೆದುಕೊಂಡು ನನ್ನ ಕೋಣೆಗೆ ಬಂದರು. ಹಿರೇನಲ್ಲೂರಿನ ಕಡೆಯವನು, ಆಕೆಗೆ ದೂರದ ನೆಂಟ, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡಿದ್ದ. ಹೆದರಿ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ನಾನು ಟೇಪು ತೆಗೆದುಕೊಂಡು ಅವನ ಮುಂದೆ ಮಂಡಿಯೂರಿದೆ. ಯಗಟಿಯಕ್ಕ ಅವನ ಹೆಗಲ ಮೇಲೆ ಕೈಯಿಟ್ಟು, ನಾನು ಅಲ್ಲೇ ಇದ್ದೇನೆಂಬುದನ್ನು ಲೆಕ್ಕಿಸದೆ ಹೇಳಿದರು.

"ನೋಡಪ್ಪಾ, ಕೆಲ್ಸ ಚೆನ್ನಾಗ್ ಮಾಡ್ತಾರೆ. ಆದ್ರೆ ನೋವಾದ್ರೆ ನೋವು ಅಂತ ಹೇಳು. ಒಂದ್ಸಲ ಹೇಳಿದ್ರೆ ಇವ್ರಿಗೆ ಕೇಳ್ಸಲ್ಲ. ಕೇಳ್ಸೋವರ್ಗೂ ಹೇಳು."

ಆ ಮನುಷ್ಯ ಗಾಬರಿಯಾಗಿ ನನ್ನ ಮುಖ ನೋಡಿದ.

"ಹೌದು, ಹೇಳಿ" ಎಂದೆ.